ಅರವತ್ತನಾಲ್ಕನೆಯ ಮುಡಿಪು

ನಮ್ಮ ದೇವರ ಕೋಣೆಯ ಉದ್ದ ಆರು ಅಡಿ, ಅಗಲ ನಾಲ್ಕೂವರೆ. ಟೇಪು ಹಿಡಿದು ಅಳೆದವಳು ನಾನೇ. ಎರಡಡಿ ಮಂಟಪಕ್ಕೆ ಹೋಗುತ್ತದೆ. ಉಳಿದ ಜಾಗದಲ್ಲಿ ಮೊದಲು ಒಬ್ಬರು ಮಣೆ ಹಾಕಿಕೊಂಡು ಕೂತು ಪೂಜೆ ಮಾಡಬಹುದಿತ್ತು. ಈಗ ಬಾಗಿಲ ಬಳಿ ನಿಂತು ಮಾಡುತ್ತೇವೆ. ಕೂರುವ ಜಾಗದಲ್ಲಿ ತಾಮ್ರದ ದುಡ್ಡು ಇದೆ.

ಅಂಗಡಿಯಲ್ಲಿ ನಡೆಯುವ ದುಡ್ಡಲ್ಲ. ರಾಜನ ತಲೆಯಿರುವ ಕಾಲಾಣೆ, ನಡುವೆ ತೂತಿರುವ ಕಾಸು, ಅಕ್ಷರ ಸವೆದು ಯಾವ ಕಾಲದ್ದೆಂದು ಹೇಳಲಾಗದ ಬಿಲ್ಲೆಗಳು. ನಮ್ಮ ಬಂಧುಗಳಲ್ಲಿ ಯಾರಾದರೂ ಹರಕೆ ಹೊತ್ತರೆ ಹನ್ನೊಂದೋ ಇಪ್ಪತ್ತೊಂದೋ ತಾಮ್ರದ ದುಡ್ಡನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡಬೇಕು. ಅದೇ ಮುಡಿಪು. ಬೇಡಿದ್ದು ಕೈಗೂಡಿದ ಮೇಲೆ ಅದನ್ನು ತಿರುಪತಿಗೋ ಮಂತ್ರಾಲಯಕ್ಕೋ ಒಯ್ದು ಹುಂಡಿಗೆ ಹಾಕಬೇಕು. ಈಗಿನ ನಾಣ್ಯ ನಡೆಯದು ಎನ್ನುವುದು ನಮ್ಮ ಅಜ್ಜಿಯ ಕಟ್ಟಳೆ. ಹೀಗಾಗಿ ಪಾತ್ರೆ ಅಂಗಡಿಗೆ ಗುಜರಿಯಲ್ಲಿ ಬರುವ ಹಳೆಯ ದುಡ್ಡನ್ನು ತೂಕಕ್ಕೆ ಕೊಂಡು ತರುತ್ತಾರೆ, ಕಟ್ಟುತ್ತಾರೆ, ನಮ್ಮ ಮನೆಯಲ್ಲಿ ಇಟ್ಟು ಹೋಗುತ್ತಾರೆ. ನಮ್ಮಲ್ಲೇ ಯಾಕೆಂದರೆ, ಅಜ್ಜಿಯ ಮಡಿ ಊರೂರಿಗೆ ಹೆಸರಾಗಿತ್ತು. "ನಿಮ್ಮ ಮನ್ಯಾಗ ದೀಪ ತಪ್ಪಂಗಿಲ್ಲ" ಎಂದು ಸಿರುಗುಪ್ಪದವರೂ ಹೇಳುತ್ತಿದ್ದರು, ಕುರುಗೋಡಿನವರೂ ಹೇಳುತ್ತಿದ್ದರು.

ಮೊದಲು ಒಂದು ಹಿತ್ತಾಳೆ ಡಬ್ಬಿಯಲ್ಲಿ ಎಲ್ಲ ಹಿಡಿಯುತ್ತಿತ್ತು. ಎರಡು ವರ್ಷಕ್ಕೊಮ್ಮೆ ಅಜ್ಜಿ ತಿರುಪತಿಗೆ ಹೋಗಿ ಖಾಲಿ ಮಾಡಿಕೊಂಡು ಬರುತ್ತಿದ್ದಳು. ಅವಳ ಮೊಣಕಾಲು ಸೋತ ಮೇಲೆ ಒಯ್ಯುವುದು ನಿಂತಿತು, ತರುವುದು ನಿಲ್ಲಲಿಲ್ಲ. ಒಬ್ಬರ ಮುಡಿಪಿನ ಮೇಲೆ ಇನ್ನೊಬ್ಬರದನ್ನು ಇಡಬಾರದು, ಹಾಗಾಗಿ ಡಬ್ಬಿ ಹೋಗಿ ಹರಿವಾಣ ಬಂತು. ಒಂದು ಹರಿವಾಣ ಹೋಗಿ ನಾಲ್ಕಾಯಿತು. ಅಜ್ಜಿ ತೀರಿಕೊಂಡ ದಿನ ಮೂವತ್ತೆಂಟು ಗಂಟು ಇದ್ದವು. ಈ ವರ್ಷದ ಮೇ ತಿಂಗಳಿಗೆ ಅರವತ್ತೊಂದು, ಒಂಬತ್ತು ಹರಿವಾಣಗಳಲ್ಲಿ. ನನ್ನ ನೋಟುಬುಕ್ಕಿನಲ್ಲಿ ಎಲ್ಲವೂ ಇದೆ: ಯಾರದು, ಎಷ್ಟು ದುಡ್ಡು, ಯಾವ ದೇವರಿಗೆ, ಯಾತಕ್ಕೆ. ಸೊಸೆಯ ಹೆರಿಗೆ. ಬೋರ್‌ವೆಲ್ಲಿಗೆ ನೀರು. ಹೊಲದ ಕೋರ್ಟು ಕೇಸು. ಹದಿನಾಲ್ಕನೆಯದು ನನ್ನದು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪಾಸಾಗಲೆಂದು ಅಜ್ಜಿ ಕಟ್ಟಿದ್ದು. ಗಣಿತದಲ್ಲಿ ನಾನು ತೊಂಬತ್ತಾರು ತೆಗೆದೆ. ಮುಡಿಪು ಇನ್ನೂ ಇಲ್ಲೇ ಇದೆ.

ಮುಡಿಪು ಇರುವ ಮನೆಗೆ ಒಂದು ಕಟ್ಟು ಇದೆ. ಎರಡು ಹೊತ್ತೂ ಅದರ ಮುಂದೆ ದೀಪ ಹಚ್ಚಬೇಕು. ಮನೆಯಲ್ಲಿರುವವರು ಇಬ್ಬರು, ಅಮ್ಮ ಮತ್ತು ನಾನು. ಅಪ್ಪ ನಾನು ಪಿಯುಸಿ ಓದುವಾಗಲೇ ಹೋದರು. ಅಮ್ಮನಿಗೆ ನಲವತ್ತೆಂಟು. ತಿಂಗಳಲ್ಲಿ ನಾಲ್ಕು ದಿನ ಮುಟ್ಟಾದಾಗ ಅವಳು ದೇವರ ಕೋಣೆಯ ಹತ್ತಿರ ಸುಳಿಯುವಂತಿಲ್ಲ. ಆಗ ದೀಪ ನನ್ನದು. ನನ್ನ ನಾಲ್ಕು ದಿನ ಅವಳದು. ಕ್ಯಾಲೆಂಡರಿನಲ್ಲಿ ಅವಳಿಗೆ ಕೆಂಪು ಪೆನ್ನು, ನನಗೆ ಹಸಿರು. ಎರಡೂ ಬಣ್ಣ ಒಂದೇ ಚೌಕದಲ್ಲಿ ಬಿದ್ದರೆ ಕುರುಗೋಡಿನಿಂದ ಅತ್ತೆ, ಅಂದರೆ ಅಪ್ಪನ ತಂಗಿ, ಬಸ್ಸು ಹತ್ತಿ ಬರಬೇಕು. ಕಳೆದ ವರ್ಷ ಐದು ಸಲ ಬಂದರು, ಅದರಲ್ಲಿ ಮೂರು ಸಲ ಜಗಳ ಆಡಿಕೊಂಡು. ಅಮ್ಮ ಬಿಟ್ಟು ನಾನಿಲ್ಲ, ನಾನು ಬಿಟ್ಟು ಅಮ್ಮನಿಲ್ಲ. ಬಿ.ಎಡ್. ಓದಿದ ಎರಡು ವರ್ಷದಲ್ಲಿ ನಾನು ಒಂದು ರಾತ್ರಿಯೂ ಬಳ್ಳಾರಿಯ ಹೊರಗೆ ಮಲಗಿಲ್ಲ. ಕಾಲೇಜಿನ ಪ್ರವಾಸದ ದಿನ ಕ್ಯಾಲೆಂಡರು ಕೆಂಪಾಗಿತ್ತು.

ಮೇ 31, ಶನಿವಾರ. ಸಿರುಗುಪ್ಪದ ಹತ್ತಿರದ ಒಂದು ವಸತಿ ಶಾಲೆಯಿಂದ ಪತ್ರ ಬಂತು. ಗಣಿತದ ಟೀಚರ್ ಕೆಲಸ, ಜೊತೆಗೆ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಜೂನ್ 23, ಸೋಮವಾರದೊಳಗೆ ಸೇರಬೇಕು. ನಾನು ಹಾಕಿದ ಹದಿನೇಳನೆಯ ಅರ್ಜಿ ಅದು. ಉಳಿದ ಹದಿನಾರಕ್ಕೆ ಉತ್ತರವೇ ಬಂದಿರಲಿಲ್ಲ.

ಅಮ್ಮ ಪತ್ರವನ್ನು ಎರಡು ಸಲ ಓದಿದಳು.

"ಬಸ್ಸಿನ್ಯಾಗ ಹೋಗಿ ಬಂದು ಮಾಡಾಕ ಆಗಂಗಿಲ್ಲೇನು?"

"ವಾರ್ಡನ್ ಅಂದ್ರ ರಾತ್ರಿ ಅಲ್ಲೇ ಇರಬೇಕಮ್ಮ."

"ಮತ್ತ ನನ್ನ ನಾಕು ದಿನ?"

ನಾನು ಪತ್ರವನ್ನು ಮಡಿಸಿ ಕವರಿಗೆ ಹಾಕಿದೆ.

"ಹೋಗಬ್ಯಾಡ ಅನ್ನಾಕತ್ತಿಲ್ಲ ನಾನು. ಹೆಂಗ ಹೋಗ್ತಿ ಅಂತ ಕೇಳಾಕತ್ತೀನಿ."

ಹೇಗೆ ಎನ್ನುವುದನ್ನು ನಾನು ಅಂದೇ ಬರೆದೆ. ಕೈಯಲ್ಲಿದ್ದದ್ದು ಇಪ್ಪತ್ತಮೂರು ದಿನ. ಅರವತ್ತೊಂದರಲ್ಲಿ ಹರಕೆ ಈಡೇರಿದವು ಮೂವತ್ತನಾಲ್ಕು. ಅವು ದೇವರಿಗೆ ಹೋಗಬೇಕು. ಈಡೇರದವು ಇಪ್ಪತ್ತೇಳು, ಅವು ಕಟ್ಟಿದವರ ಮನೆಗೆ ಹೋಗಿ ಅಲ್ಲಿ ಕಾಯಬೇಕು. ಕೋಣೆ ಖಾಲಿಯಾದರೆ ಕಟ್ಟೂ ಇಲ್ಲ. ಸಿರುಗುಪ್ಪದ ದೊಡ್ಡಪ್ಪ ಜೂನ್ 20ಕ್ಕೆ ಮನೆಮಂದಿಯನ್ನೆಲ್ಲ ವ್ಯಾನಿನಲ್ಲಿ ತಿರುಪತಿಗೆ ಕರೆದುಕೊಂಡು ಹೋಗುವವರಿದ್ದರು. ಫೋನು ಮಾಡಿದಾಗ, "ತಗೊಂಬಾ, ದಾರ್ಯಾಗ ಮಂತ್ರಾಲಯಕ್ಕೂ ಹೋಗ್ತೀವಿ, ಎಲ್ಲಾ ಹಾಕಿ ಬರೋಣಂತ" ಎಂದರು. ನಾನು ಆ ರಾತ್ರಿ ಸೂಟ್‌ಕೇಸಿನ ಧೂಳು ಒರೆಸಿದೆ.

ತಪ್ಪಾದದ್ದು ಜೂನ್ 5ರಂದು. ಹಳೆಯ ಬಟ್ಟೆಗಳು ಹರಿದಿದ್ದವು, ದುಡ್ಡಿಗೆ ಹಸಿರು ಕಿಲುಬು ಹಿಡಿದಿತ್ತು. ಹಾಗೆಯೇ ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಎಲ್ಲವನ್ನೂ ಹುಣಸೆಹಣ್ಣಿನಲ್ಲಿ ತೊಳೆದು ಹೊಸ ಬಟ್ಟೆಯಲ್ಲಿ ಕಟ್ಟಲು ಕೂತೆವು. ನಡುಮನೆಯಲ್ಲಿ ಪೇಪರಿನ ಅರವತ್ತೊಂದು ತುಂಡು ಹಾಸಿ, ಒಂದೊಂದಕ್ಕೂ ನಂಬರು ಬರೆದು, ಒಂದೊಂದರ ಮೇಲೂ ಅದರದರ ದುಡ್ಡು ಸುರಿದೆ. ಒಂದು ನಂಬರು ತೊಳೆದು, ಒರೆಸಿ, ಕಟ್ಟಿ, ಆಮೇಲೆ ಮುಂದಿನದು. ಹತ್ತೊಂಬತ್ತನೆಯದಕ್ಕೆ ಬಂದಿದ್ದೆ, ನಲ್ಲಿಗೆ ನೀರು ಬಂತು. ಒಂಬತ್ತು ದಿನದ ಮೇಲೆ ಬಂದ ನೀರು. ಎದ್ದು ಓಡಿದೆ. ಎರಡು ಡ್ರಮ್ಮು, ಆರು ಕೊಡ, ಬಚ್ಚಲ ತೊಟ್ಟಿ ತುಂಬಿಸಿ ಬರುವಷ್ಟರಲ್ಲಿ ನಲವತ್ತು ನಿಮಿಷ.

ಬಂದು ನೋಡಿದರೆ ಪೇಪರುಗಳೆಲ್ಲ ಮಡಿಸಿ ಮೂಲೆ ಸೇರಿದ್ದವು. ನಾನು ಕಟ್ಟಿಟ್ಟಿದ್ದ ಹದಿನೆಂಟನ್ನೂ, ಬಟ್ಟೆ ಒದ್ದೆಯಾಗಿದೆಯೆಂದು, ಅಮ್ಮ ಬಿಚ್ಚಿದ್ದಳು. ದುಡ್ಡೆಲ್ಲ ತೊಳೆದು, ಒರೆಸಿ, ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ತೂತಿನವು ಒಂದು ಕಡೆ ಸಾಲಾಗಿ ಪೇರಿಸಿಟ್ಟಿದ್ದಳು.

"ನೀ ಒಂದೊಂದ ತೊಳಕೋತ ಕುಂತ್ರ ಸಂಜಿ ಆಗ್ತಿತ್ತು. ನೋಡು, ಹೆಂಗ ಮಿರಮಿರ ಮಿಂಚಾಕತ್ತಾವ!"

"ಅಮ್ಮ, ಯಾರ್ದು ಯಾವ್ದು?"

ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು.

ನೋಟುಬುಕ್ಕು ನೋಡಿ ಮತ್ತೆ ಕಟ್ಟಿದೆವು. ಹನ್ನೊಂದು ಇದ್ದವರಿಗೆ ಹನ್ನೊಂದು, ಇಪ್ಪತ್ತೊಂದು ಇದ್ದವರಿಗೆ ಇಪ್ಪತ್ತೊಂದು. ಒಂದು ದುಡ್ಡು ಹೆಚ್ಚಲಿಲ್ಲ, ಒಂದು ಕಡಿಮೆ ಬೀಳಲಿಲ್ಲ. ಆದರೆ ಹರಕೆ ಹೊತ್ತವರು ತಮ್ಮ ಕೈಯಾರೆ ಹಣೆಗೆ ಮುಟ್ಟಿಸಿ ಕಟ್ಟಿದ ದುಡ್ಡು ಅದು. ಈಗ ಯಾರ ಹಣೆಯದು ಯಾರ ಗಂಟಿನಲ್ಲಿದೆಯೋ ದೇವರಿಗಷ್ಟೇ ಗೊತ್ತು.

"ಕೇಳಲಿಲ್ಲಂದ್ರ ಸುಮ್ನಿರು," ಎಂದಳು ಅಮ್ಮ, ದೀಪಕ್ಕೆ ಎಣ್ಣೆ ಹಾಕುತ್ತ. "ಕೇಳಿದ್ರ ಮಾತ್ರ ಸುಳ್ಳು ಹೇಳಬ್ಯಾಡ."

ಜೂನ್ 8, ಭಾನುವಾರ. ಅತ್ತೆಯ ಈಡೇರದ ಆರು ಮುಡಿಪನ್ನು ಚೀಲದಲ್ಲಿಟ್ಟುಕೊಂಡು ಕುರುಗೋಡಿಗೆ ಹೋದೆ. ಅತ್ತೆ ಬಾಗಿಲಲ್ಲೇ ಚೀಲ ನೋಡಿದರು.

"ಏನದು, ನನ್ನ ಗಂಟು ನನಗ ತಿರುಗಿ ತಂದೀಯೇನು?"

ಕೆಲಸದ ವಿಷಯ ಹೇಳಿದೆ. ಅತ್ತೆಗೆ ನಿಜಕ್ಕೂ ಸಂತೋಷವಾಯಿತು. ಬಾಯಿಗೆ ಸಕ್ಕರೆ ಹಾಕಿದರು. ಆಮೇಲೆ ಚೀಲವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು.

"ಇಲ್ಲಿ ಹಚ್ಚೋರು ಯಾರವಾ? ಸೊಸಿ ಬ್ಯಾಂಕಿಗೆ ಹೋಗ್ತಾಳ, ಮಗ ರಾತ್ರಿ ಎಂಟಕ್ಕ ಬರ್ತಾನ. ನಾನು ನೋಡಿದ್ರ ನಿಮ್ಮ ದೀಪ ಹಚ್ಚಾಕ ಬಳ್ಳಾರಿಗೆ ಓಡ್ತಿರ್ತೀನಿ!"

"ಇವು ಅಲ್ಲಿ ಇಲ್ಲಂದ್ರ ನೀವು ಓಡೋದೂ ಬ್ಯಾಡಲ್ಲ ಅತ್ತಿ?"

"ನನ್ನವು ಇಲ್ಲಂದ್ರ ಉಳಿದೋರವು ಇಲ್ಲೇನು? ಬಿ.ಎಡ್. ಓದಿದಾಕಿ, ಇಷ್ಟು ತಿಳಿಯಂಗಿಲ್ಲೇನು?"

ಊಟ ಮಾಡಿಸಿದರು. ಹೊರಡುವಾಗ ಒಳಗಿನಿಂದ ಎರಡು ಹೊಸ ಗಂಟು ತಂದರು. ಒಂದು ಸೊಸೆಗೆ ಊರಿನ ಹತ್ತಿರಕ್ಕೆ ಟ್ರಾನ್ಸ್‌ಫರ್ ಆಗಲೆಂದು, ಇನ್ನೊಂದು ಮೊಮ್ಮಗ ಮಾತು ಬೇಗ ಕಲಿಯಲೆಂದು.

"ಹೆಂಗೂ ಬಂದೀ, ಇವೆರಡೂ ಒಯ್ಯಿ. ದೇವರದು, ಬ್ಯಾಡ ಅನ್ನಬಾರದು."

ಆರು ಒಯ್ದೆ, ಎಂಟು ತಂದೆ. ಅಂದಿನ ಮೊತ್ತ ಅರವತ್ತಮೂರು. ಈಡೇರದವನ್ನು ಆಮೇಲೆ ನೋಡೋಣ, ಮೊದಲು ಈಡೇರಿದವಾದರೂ ಹೋಗಲಿ ಎಂದುಕೊಂಡೆ.

ಜೂನ್ 15, ಭಾನುವಾರ. ಬೆಳಗಿನ ಬಸ್ಸಿಗೆ ಸಿರುಗುಪ್ಪದ ಕಡೆ ಹೊರಟೆ. ಚೀಲದಲ್ಲಿ ದೊಡ್ಡಪ್ಪನವರ ಈಡೇರಿದ ಐದು ಮುಡಿಪು ಮಾತ್ರ ಇದ್ದವು. ಮೊದಲು ಅವರ ಕೈಗೆ ಅವರವನ್ನು ಕೊಟ್ಟು, ಈಡೇರಿದ್ದರಲ್ಲಿ ಉಳಿದ ಇಪ್ಪತ್ತೊಂಬತ್ತನ್ನು ಗುರುವಾರ ತಂದು ಒಪ್ಪಿಸುವುದೆಂದು ಲೆಕ್ಕ. ಊರಿಗೆ ಎರಡು ಸ್ಟಾಪು ಮೊದಲೇ ಇಳಿದು ಶಾಲೆ ನೋಡಿದೆ. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಗದ್ದೆಗಳಲ್ಲಿ ಬರೀ ಕೊಯ್ದ ಪೈರಿನ ಕೂಳೆ. ಕಾವಲಿನವರು ವಾರ್ಡನ್ ರೂಮು ತೆಗೆದು ತೋರಿಸಿದರು. ಹತ್ತು ಅಡಿ, ಒಂಬತ್ತು ಅಡಿ. ಒಂದು ಮಂಚ, ಒಂದು ಕಿಟಕಿ, ಗೋಡೆಯಲ್ಲಿ ಖಾಲಿ ಅಲಮಾರು. ಬಾಗಿಲಿಗೆ ಹೊರಗಿನಿಂದ ಬೀಗ. ಅವರಿಂದ ಕೀಲಿ ಇಸಿದುಕೊಂಡು ನಾನೇ ಹಾಕಿ ನೋಡಿದೆ, ತೆಗೆದೆ, ಮತ್ತೊಮ್ಮೆ ಹಾಕಿದೆ. ಬೀಗ ಹಾಕಿ ಹೋಗಬಹುದಾದ ಬಾಗಿಲು.

ದೊಡ್ಡಪ್ಪ ತಮ್ಮ ಅಕ್ಕಿ ಮಿಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬಂದ್ಲು ನೋಡ್ರಿ ನಮ್ಮ ಶಾನುಭೋಗ್ತಿ, ದಫ್ತರ ಹಿಡಕೊಂಡು!" ಎಂದು ನಕ್ಕರು. ನನ್ನ ನೋಟುಬುಕ್ಕು ಕಂಡರೆ ಅವರಿಗೆ ಯಾವಾಗಲೂ ತಮಾಷೆ.

ಕೈಕಾಲು ತೊಳೆದುಕೊಂಡು ಬಂದು ಗಂಟುಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡರು. ಐದನೆಯದನ್ನು ಕೈಯಲ್ಲಿ ತೂಗಿದರು.

"ಇದು ನಾ ಆಪರೇಷನ್ನಿಗೆ ಹೋಗೋಕಿಂತ ಮೊದಲು ಕಟ್ಟಿದ್ದು. ಆಸ್ಪತ್ರಿ ಮಂಚದ ಮ್ಯಾಲೆ ಕುಂತು ಕಟ್ಟಿದ್ದೆ. ಬಟ್ಟಿ ಹೊಸದಾಗೇತಿ. ದುಡ್ಡು ಅವೇ ಹೌದಲ್ಲಮ್ಮ?"

ಹೌದು ಎನ್ನಲು ಒಂದು ಕ್ಷಣ ಸಾಕಿತ್ತು. ವಾರ್ಡನ್ ರೂಮಿನ ಕಿಟಕಿ ಕಣ್ಣ ಮುಂದೆಯೇ ಇತ್ತು. ಅವರು ಆ ಗಂಟನ್ನು ಹಿಡಿದಿದ್ದ ರೀತಿ ನೋಡಿ ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನೀರು ಬಂದದ್ದು, ನಾನು ಎದ್ದು ಹೋದದ್ದು ಎಲ್ಲ ಹೇಳಿದೆ. ಅಮ್ಮನ ಹೆಸರು ತೆಗೆಯದೆ, ಕೈ ತಪ್ಪಿ ಕಲೆತುಹೋಯಿತು ಎಂದೆ.

ದೊಡ್ಡಪ್ಪ ಬೈಯಲಿಲ್ಲ. ಐದೂ ಗಂಟನ್ನು ಚೀಲದೊಳಗೆ ತಾವೇ ಇಟ್ಟರು.

"ಯಾರ ರೋಗದ್ದೋ, ಯಾರ ಕೋರ್ಟಿಂದೋ. ನನ್ನ ಕೈಲೆ ಹೆಂಗ ಹಾಕಲಿ? ಅವರವರ ಹರಕಿ ಅವರವರ ದುಡ್ಡಿಲೇ ತೀರಬೇಕಲ್ಲಮ್ಮ."

"ಉಳಿದೋರವು, ದೊಡ್ಡಪ್ಪ?"

"ಅವೂ ಕಲೆತಾವಲ್ಲ. ಗೊತ್ತಿದ್ದು ಗೊತ್ತಿದ್ದು ನಾ ಒಯ್ಯಂಗಿಲ್ಲ. ನಿಮ್ಮ ಮನ್ಯಾಗ ಇರಲಿ. ದೀಪ ಕಾಣಲಿ, ಆತ ಹೆಂಗರ ತಗೋತಾನ."

ಹೊರಡುವಾಗ ಹತ್ತು ಕೆ.ಜಿ. ಅಕ್ಕಿಯ ಚೀಲ ಕೊಡಿಸಿದರು. ವಾಪಸು ಬಸ್ಸಿನಲ್ಲಿ ಅಕ್ಕಿ ಕಾಲಬಳಿ, ಮುಡಿಪು ತೊಡೆಯ ಮೇಲೆ.

ಜೂನ್ 18, ಬುಧವಾರ. ಎಲ್ಲವನ್ನೂ ಹರಿವಾಣಗಳಿಗೆ ಮರಳಿಸಿ ಎಣಿಸಿದೆ. ಅರವತ್ತನಾಲ್ಕು. ನೋಟುಬುಕ್ಕಿನಲ್ಲಿ ಅರವತ್ತಮೂರು. ಮತ್ತೆ ಎಣಿಸಿದೆ, ಬಲಗಡೆಯಿಂದ. ಮೂರನೆಯ ಸಲ ಒಂದೊಂದನ್ನೂ ಮುಟ್ಟಿ ಎಣಿಸುವಾಗ ಒಂಬತ್ತನೆಯ ಹರಿವಾಣದ ಅಂಚಿನ ಗಂಟಿನಿಂದ ಬೆರಳಿಗೆ ಹೊಸ ಅರಿಸಿನ ಹತ್ತಿತು. ಬಟ್ಟೆ ಅಮ್ಮನ ಹಳೆಯ ಬಿಳಿ ರವಿಕೆಯ ತುಂಡು.

ಅಮ್ಮ ಅಡುಗೆಮನೆಯಲ್ಲಿ ದೊಡ್ಡಪ್ಪನ ಅಕ್ಕಿ ಆರಿಸುತ್ತಿದ್ದಳು.

"ಒಂದು ಹೆಚ್ಚಾಗೈತಲ್ಲಮ್ಮ."

"ನಂದು," ಎಂದಳು, ತಲೆ ಎತ್ತದೆ. "ನೀ ಸಿರುಗುಪ್ಪಕ್ಕ ಹೋದ ದಿನ ಕಟ್ಟಿದೆ. ನನ್ನ ತವರಿನ ತೂತಿನ ದುಡ್ಡು, ಹನ್ನೊಂದಿದ್ವು."

"ಯಾತಕ್ಕ?"

"ಕೆಲಸಕ್ಕ."

"ಕೆಲಸ ಸಿಕ್ಕೈತಲ್ಲಮ್ಮ."

"ಸಿಕ್ಕೈತಿ. ನೀ ಹೋಗೋಹಂಗ ಆಗಲಿ ಅಂತ." ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ನನಗ ಬ್ಯಾರೆ ಏನು ಮಾಡಾಕ ಬರ್ತೈತಿ?"

ನಾನು ಅವಳ ಪಕ್ಕ ಕೂತು ಅಕ್ಕಿ ಆರಿಸಿದೆ.

ಶುಕ್ರವಾರ ದೊಡ್ಡಪ್ಪನ ವ್ಯಾನು ತಿರುಪತಿಗೆ ಹೋಯಿತು. ಶನಿವಾರ ಶಾಲೆಗೆ ಫೋನು ಮಾಡಿ, ರಾತ್ರಿ ಬಿಟ್ಟು ಹಗಲಿನ ಪಾಠಕ್ಕಷ್ಟೇ ಬರಬಹುದೇ ಎಂದು ಕೇಳಿದೆ. ಹೆಡ್ ಮೇಡಂ ಸಾವಧಾನವಾಗಿಯೇ ಹೇಳಿದರು: "ವಾರ್ಡನ್ ಇಲ್ಲದೆ ಹುಡುಗಿಯರನ್ನ ಹೆಂಗ ಇಟ್ಕೊಳ್ಳೋದಮ್ಮ?" ಸೋಮವಾರ, 23ನೆಯ ತಾರೀಕು, ಕ್ಯಾಲೆಂಡರಿನ ಚೌಕ ಕೆಂಪಾಗಿತ್ತು. ಬೆಳಿಗ್ಗೆ ಆರೂಕಾಲಿಗೆ ಒಮ್ಮೆ, ಸಂಜೆ ಆರೂವರೆಗೆ ಒಮ್ಮೆ ದೀಪ ಹಚ್ಚಿದವಳು ನಾನು. ಜುಲೈ ಮೊದಲ ವಾರ ಆ ಕೆಲಸಕ್ಕೆ ಬೇರೆಯವರು ಸೇರಿದರೆಂದು ತಿಳಿಯಿತು.

ಅಮ್ಮನ ಮುಡಿಪನ್ನು ಬಿಚ್ಚಿಬಿಡೋಣ ಎಂದೆ. ಅವಳು ಗಾಬರಿಯಾಗಿ ನನ್ನ ಕೈ ಹಿಡಿದಳು. ಈಡೇರದ ಮುಡಿಪನ್ನು ಬಟ್ಟೆ ಬದಲಿಸಿ ಕಟ್ಟಬಹುದು, ಬಿಚ್ಚಿ ಬಿಡುವಂತಿಲ್ಲ, ಹುಂಡಿಗೆ ಒಯ್ಯುವಂತಿಲ್ಲ. ಕಟ್ಟಿದವಳ ಮನೆ ಇದೇ, ಈಡೇರುವವರೆಗೆ ಅದು ಇಲ್ಲೇ ಇರಬೇಕು, ಅದರ ಮುಂದೆ ದೀಪ ಉರಿಯಬೇಕು. ನನಗೂ ಗೊತ್ತಿದ್ದ ಮಾತೇ.

ನೋಟುಬುಕ್ಕಿನಲ್ಲಿ ಸೇರಿಸಿದೆ. ನಂಬರು 64. ಹನ್ನೊಂದು ದುಡ್ಡು, ತೂತಿನವು. ಕಟ್ಟಿದವರು ಅಮ್ಮ. ಮಗಳು ಹೊರಗೆ ಹೋಗುವಂತಾಗಲಿ. ಈಡೇರಿಲ್ಲ.

ಒಂಬತ್ತನೆಯ ಹರಿವಾಣದ ಅಂಚಿನಲ್ಲಿ ಅದು ಬೀಳುವ ಹಾಗಿತ್ತು. ಅದಕ್ಕೆಂದು ಹತ್ತನೆಯ ಹರಿವಾಣ ತೆಗೆದು, ನಾವು ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟೆ. ಈಗ ಹೊಸ್ತಿಲ ಹೊರಗೆ ನಿಂತು, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದು ಕೈ ಚಾಚಿ ದೀಪ ಹಚ್ಚುತ್ತೇನೆ.