ಖಾಲಿ ಗಾಡಿಯ ಲೋಡು

ಲಿವರ್ ಎಳೆದು ಸ್ಟಾರ್ಟ್ ಮಾಡುವ ಪೆಟ್ರೋಲ್ ಗೂಡ್ಸ್ ರಿಕ್ಷಾಗಳ ಕಾಲ ಅದು. ಕೊಂಡವರ ಪಕ್ಕ ಕೂತು ಗಾಡಿ ಬಿಡಲು ಕಲಿಸುವುದು ಮೂಡುಬಿದಿರೆಯ ಶೋರೂಮಿನಲ್ಲಿ ನನ್ನ ಕೆಲಸ. ನ್ಯೂಟ್ರಲ್ ನೋಡಿ, ಹ್ಯಾಂಡ್‌ಬ್ರೇಕ್ ನೋಡಿ, ಆಮೇಲೆ ಲಿವರ್ ಎಳೆಯಿರಿ. ಹೊಸ ಇಂಜಿನ್ ಪಳಗಬೇಕು, ಮೊದಲ ಸರ್ವಿಸ್ ತನಕ ಜೋರು ಬಿಡಬೇಡಿ, ಲೋಡ್ ಹಾಕಲೇಬೇಡಿ. ಇದನ್ನೇ ಹೇಳಿ ಹೇಳಿ ನನಗೆ ತಲೆಕೆಟ್ಟು ಹೋಗಿತ್ತು.

ಆ ದಿನ ಹೊಸ ಗಾಡಿ ಕೊಂಡ ಬೆಳುವಾಯಿಯ ಲೋಕಯ್ಯಣ್ಣ ಚೆನ್ನಾಗಿಯೇ ಬಿಡುತ್ತಿದ್ದರು. ನಡು ಮಧ್ಯಾಹ್ನ. ದಾರಿ ಬದಿಯಲ್ಲಿ ಗುಳಿಗ ದೈವದ ಕಟ್ಟೆ ಕಂಡದ್ದೇ ಹಾರ್ನಿಗೆ ಕೈ ಹಾಕಿದರು. ದೈವದ ಎದುರು ಹಾರ್ನ್ ಹಾಕಿ ಹೋಗುವುದು ನಮ್ಮ ಕಡೆಯ ಕ್ರಮ.

"ರಸ್ತೆ ಖಾಲಿ ಉಂಟಲ್ಲ, ಹಾರ್ನ್ ಯಾರಿಗೆ?" ಎಂದು ಗದರಿದೆ. ಅವರು ಕೈ ತೆಗೆದರು.

ಕಟ್ಟೆ ದಾಟುವಾಗ ಗಾಡಿಯ ಹಿಂಭಾಗ ಮೆಲ್ಲಗೆ ಕುಸಿಯಿತು, ಯಾರೋ ಹತ್ತಿ ಕೂತ ಹಾಗೆ. ಇಂಜಿನ್ ಏದುಸಿರು ಬಿಟ್ಟು ನಿಂತಿತು. ಇಳಿದು ನೋಡಿದರೆ ಹಿಂದೆ ಏನೂ ಇಲ್ಲ. ಟಯರು ಮಾತ್ರ ಅಕ್ಕಿ ಮೂಟೆ ಹೇರಿದ ಹಾಗೆ ಅಮುಕಿಕೊಂಡಿತ್ತು. ಎಷ್ಟು ಲಿವರ್ ಎಳೆದರೂ ಇಂಜಿನ್ ಮಿಸುಕಲಿಲ್ಲ.

"ಈಗ ಹಾರ್ನ್ ಹಾಕುವನಾ?" ಲೋಕಯ್ಯಣ್ಣ ಮೆಲ್ಲ ಕೇಳಿದರು.

ತಲೆಯಾಡಿಸಿದೆ. ಹಾರ್ನ್ ಆಯಿತು. ಹಿಂಭಾಗ ಕಿರ್ರೆಂದು ಮೇಲೆದ್ದಿತು. ಮತ್ತೆ ಒಂದೇ ಎಳೆತಕ್ಕೆ ಸ್ಟಾರ್ಟ್.

ಅವರ ಮನೆ ಮುಟ್ಟಿದೆವು. ಇಳಿಯುವಾಗ ಅಭ್ಯಾಸಬಲದಿಂದ ನನ್ನ ಬಾಯಿಗೆ ಅದೇ ಬಂತು: "ಸರ್ವಿಸ್ ತನಕ ಲೋಡ್ ಹಾಕಬೇಡಿ."

"ನಾನು ಹಾಕುದಿಲ್ಲ ಮಾರಾಯ್ರೆ," ಎಂದರು ಲೋಕಯ್ಯಣ್ಣ. "ಆ ಕಟ್ಟೆಯವರಿಗೆ ಬೇಕಾದರೆ ನೀವೇ ಹೇಳಿ."