ಅಪೊಲಿನಾ ಡ್ರಮ್ಮಿನ ಮೇಷ್ಟ್ರನ್ನು ಹುಡುಕಿದ್ದು

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಡಗಾಂವ್ ಹತ್ತಿರದ ಕುಡ್ತರಿಯಲ್ಲಿ ಯಾರೂ ವಾದ್ಯ ಬಾರಿಸುವುದಿಲ್ಲ. ಮದುವೆಯಿಲ್ಲ, ಕುಣಿತವಿಲ್ಲ, ರೇಡಿಯೋ ಕೂಡ ಮೆಲ್ಲಗೆ. ಅಪೊಲಿನಾ ಫುರ್ತಾದ್ ಡ್ರಮ್ಮು ಕಲಿಯಲು ಶುರುಮಾಡಿದ್ದು ಸರಿಯಾಗಿ ಆಗಲೇ. ಹಾಗಾಗಿ ಅವಳ ಮೊದಲ ಡ್ರಮ್ಮು ತಲೆದಿಂಬು.

ಪಕ್ಕದ ಮನೆಯ ರೊಜಾಲಿನ್ ಕಿಟಕಿಯಲ್ಲಿ ಇಣುಕಿದಳು. ಅಲ್ಲಿ ಹೆಂಗಸರನ್ನು ಬಾಯ್ ಎಂದೇ ಕರೆಯುವುದು.

"ಏ ಬಾಯ್, ದಿಂಬಿಗೆ ಯಾಕೆ ಆ ಪಾಟಿ ಬಡೀತಿದೀಯ? ತಿಗಣೆಯಾ?"

"ತಿಗಣೆ ಅಲ್ಲ, ಸಂಗೀತ."

"ಅಯ್ಯೋ, ಉಪವಾಸದಲ್ಲಾ?"

"ನಿನಗೆ ಸದ್ದು ಕೇಳಿಸ್ತಾ? ಇಲ್ಲ ತಾನೆ? ದೇವರಿಗೂ ಕೇಳಿಸಲ್ಲ, ಹೋಗು."

ಅಪೊಲಿನಾಗೆ ಐವತ್ತು ದಾಟಿದೆ. ಹಂದಿಮಾಂಸಕ್ಕೆ ಖಾರ, ವಿನೆಗರ್ ಕಲಸಿ, ಕರುಳಿಗೆ ತುಂಬಿ, ಜಪಮಾಲೆಯ ಹಾಗೆ ಗಂಟು ಹಾಕಿ ಬಿಸಿಲಿಗೆ ಒಣಗಿಸಿ ಮಡಗಾಂವ್ ಮಾರುಕಟ್ಟೆಯಲ್ಲಿ ಸಾಸೇಜು ಮಾರುವುದು ಅವಳ ಕಸುಬು. ಚಿಕ್ಕವಳಿದ್ದಾಗ ಚರ್ಚಿನ ಸಂಗೀತಶಾಲೆಯಲ್ಲಿ ಅವಳಿಗೆ ಪಿಟೀಲು ಕೊಟ್ಟರು, ತಮ್ಮನಿಗೆ ಡ್ರಮ್ಮು ಕೊಟ್ಟರು. ಹುಡುಗಿ ಕಾಲು ಅಗಲಿಸಿ ಕೂರುವುದು ಚೆಂದವಲ್ಲ ಎಂದು ಅಪ್ಪನ ಮಾತು. ತಮ್ಮ ಡ್ರಮ್ಮು ಬಿಟ್ಟು ಫುಟ್ಬಾಲ್ ಹಿಡಿದ. ಅವಳು ಮಾತ್ರ ಪಿಟೀಲು ಕೈಯಲ್ಲಿ ಹಿಡಿದೇ ಕಾಲಿನಲ್ಲಿ ತಾಳ ಕುಟ್ಟುತ್ತಿದ್ದಳು.

ಮೇ ತಿಂಗಳಲ್ಲಿ ಕೇರಿಯ ಪುಟ್ಟ ಚರ್ಚು ಚಾಪೆಲ್ಲಿನ ಹಬ್ಬಕ್ಕೆ ಊರಿನವರೇ ಸೇರಿ ತಿಯಾತ್ರ್ ಎಂಬ ಹಾಡುನಾಟಕ ಆಡುತ್ತಾರೆ. ಕಥೆಯ ನಡುನಡುವೆ ಯಾರಾದರೂ ಬಂದು ಹಾಡುವುದು, ಊರಿನ ದೊಡ್ಡವರನ್ನೆಲ್ಲ ಗೇಲಿ ಮಾಡುವುದು, ವೇದಿಕೆಯ ಕೆಳಗೆ ಕೂತ ಬ್ಯಾಂಡು ಅದಕ್ಕೆ ಜೊತೆ ಕೊಡುವುದು. ಈ ವರ್ಷ ಡ್ರಮ್ಮಿನ ಲವ್ರೆಂತ್ ಹಡಗಿನ ಕೆಲಸಕ್ಕೆ ಹೋಗಿಬಿಟ್ಟಿದ್ದ. ನಾಟಕ ಕಟ್ಟುವ ಮೆನಿನ್ ಬಾಬ್, ಕೀಬೋರ್ಡಿನೊಳಗಿನ ಯಂತ್ರದ ತಾಳವೇ ಸಾಕು ಎಂದ.

"ನಾನು ಬಾರಿಸ್ತೀನಿ," ಎಂದಳು ಅಪೊಲಿನಾ.

"ನೀನಾ? ಏನನ್ನ, ಸಾಸೇಜನ್ನಾ?"

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಎದ್ದು ಹೋಗಲಿಲ್ಲ. ಕೊನೆಗೆ ಮೆನಿನ್ ಬಾಬ್, "ಆಯ್ತು, ಈಸ್ಟರ್ ಮುಗಿದ ಮೇಲೆ ಬಾ. ನಿನ್ನ ಕೈಲಿ ಆಗಲಿಲ್ಲ ಅಂದ್ರೆ ಯಂತ್ರ. ಆಮೇಲೆ ಅಳಬಾರದು," ಎಂದ.

ಊರಿನಲ್ಲಿ ಕಲಿಸುವವರು ಯಾರೂ ಉಳಿದಿರಲಿಲ್ಲ. ಇದ್ದದ್ದು ಮಗಳು ಲಿಬಿಯಾ ಬಿಟ್ಟುಹೋದ ಹಳೆಯ ಫೋನು. ಡ್ರಮ್ಮು ಕಲಿಯುವುದು ಹೇಗೆ ಎಂದು ಕೇಳಿದ್ದೇ ತಡ, ಲೋಕದ ಮೇಷ್ಟ್ರುಗಳೆಲ್ಲ ಅಡುಗೆಮನೆಗೆ ನುಗ್ಗಿದರು.

"ಮಮ್ಮಾ, ಯಾವುದಾದರೂ ಒಂದು ನೋಡು," ಎಂದಳು ಲಿಬಿಯಾ ಫೋನಿನಲ್ಲಿ.

"ಮಾಂಸ ಕೊಳ್ಳುವಾಗ ಯಾವುದಾದರೂ ಒಂದು ಕೊಳ್ತೀನಾ? ಮೂಸಿ ನೋಡಬೇಕು."

ಅವಳು ಮೂಸಿ ನೋಡತೊಡಗಿದಳು. ಮೊದಲನೆಯವನು ಉದ್ದ ಕೂದಲಿನವನು; ಕಡ್ಡಿ ಎತ್ತುವ ಮುಂಚೆ ತನ್ನ ಜೀವನಚರಿತ್ರೆಯನ್ನೇ ಹೇಳಿದ. ಇನ್ನೊಬ್ಬ ಒಂದೇ ವಾರದಲ್ಲಿ ಕಲಿಸುತ್ತೇನೆಂದ. ಹಸಿ ಸಾಸೇಜನ್ನು ಒಣಗಿದ್ದೆಂದು ಮಾರುವವರ ಮುಖವೇ ಅವನಿಗೂ ಇತ್ತು. ಕೆಲವರ ಕೈ ಮಾತ್ರ ಕಾಣುತ್ತಿತ್ತು, ಕಾಲು ಏನು ಮಾಡುತ್ತಿದೆಯೆಂದು ತಿಳಿಯುತ್ತಿರಲಿಲ್ಲ. ಕೊನೆಗೆ ಬ್ರೆಜಿಲ್ ದೇಶದ ಒಬ್ಬ ದಪ್ಪ ಹೆಂಗಸು ಸಿಕ್ಕಳು. ಅವಳು ನಿಧಾನವಾಗಿ ಬಾರಿಸುತ್ತಿದ್ದಳು, ಬಾಯಿಬಿಟ್ಟು ಎಣಿಸುತ್ತಿದ್ದಳು, ಕಾಲಿನ ಹತ್ತಿರ ಇನ್ನೊಂದು ಕ್ಯಾಮೆರಾ ಇಟ್ಟಿದ್ದಳು, ಮತ್ತು ಇದು ಬರುವ ತನಕ ಮುಂದಿನದನ್ನು ನೋಡಬೇಡಿ ಎಂದು ಗದರುತ್ತಿದ್ದಳು. ಅವಳ ಮಾತೆಲ್ಲ ಪೋರ್ಚುಗೀಸು. ಅಪೊಲಿನಾಗೆ ಅಜ್ಜಿಯಿಂದ ಬಂದ ಪೋರ್ಚುಗೀಸಿನಲ್ಲಿ ಇದ್ದದ್ದು ಪ್ರಾರ್ಥನೆ ಮತ್ತು ಬೈಗುಳ. ಡ್ರಮ್ಮು ಕಲಿಯಲು ಅಷ್ಟು ಧಾರಾಳವಾಗಿ ಸಾಕಾಯಿತು. ಸದ್ದು ಮಾಡಲಾಗದವರು ದಿಂಬಿನ ಮೇಲೆ ಸಾಧನೆ ಮಾಡಿ, ಮಣಿಕಟ್ಟು ಗಟ್ಟಿಯಾಗುತ್ತದೆ ಎಂದು ಹೇಳಿದವಳೂ ಅವಳೇ. ಫೋನಿನ ಗಡಿಯಾರ ಟಿಕ್ ಟಿಕ್ ಎನ್ನುವುದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಾರಿಸುವುದು ಅವಳ ದೊಡ್ಡ ಪಾಠ. ಗುಡ್ ಫ್ರೈಡೆಯ ಹೊತ್ತಿಗೆ ಅಪೊಲಿನಾ ಒಂದು ಚೂರೂ ತಪ್ಪುತ್ತಿರಲಿಲ್ಲ.

ಈಸ್ಟರ್ ಮುಗಿದ ಮೇಲೆ ಚಾಪೆಲ್ಲಿನ ಸಭಾಂಗಣದಲ್ಲಿ ಅಭ್ಯಾಸಕ್ಕೆಂದು ನಿಜವಾದ ಡ್ರಮ್ಮಿನ ಮುಂದೆ ಕೂತಳು. ಮೊದಲ ಪೆಟ್ಟಿಗೆ ತಾನೇ ಬೆಚ್ಚಿಬಿದ್ದಳು. ಆಮೇಲೆ ಹದಕ್ಕೆ ಬಂತು. ಮೆನಿನ್ ಬಾಬ್ ಹುಬ್ಬೇರಿಸಿದ. ಆಗ ಬೊಸ್ತ್ಯಾಂವ್ ಹಾಡಲು ನಿಂತ.

ಬೊಸ್ತ್ಯಾಂವ್ ತೆಂಗಿನ ಮರ ಹತ್ತಿ ಹೆಂಡ ಇಳಿಸುವವನು. ಆದರೆ ಅವನಿಗೆ ನೆಲದ ಮೇಲೆ ಹೆಸರು ಬಂದದ್ದು ಗೇಲಿಹಾಡಿನಿಂದ. ಪಂಚಾಯ್ತಿಯವರು ಹಾಕಿಸಿದ ರಸ್ತೆಯ ಬಗ್ಗೆ ಹಾಡುತ್ತ, ಗುಟ್ಟು ಬಯಲಾಗುವ ಮಾತಿಗೆ ಮುಂಚೆ ನಿಂತ. ಜನ ಕೂರುವ ಕಡೆ ನೋಡಿದ. ಹುಬ್ಬು ಕುಣಿಸಿದ. ಅಪೊಲಿನಾ ಮಾತ್ರ ನಿಲ್ಲಲಿಲ್ಲ, ಬಾರಿಸುತ್ತ ಮುಂದೆ ಹೋಗಿಬಿಟ್ಟಳು.

"ಬಾಯ್! ನಾನು ಹಾಡ್ತಿದೀನಾ, ರೈಲು ಹಿಡಿಯೋಕೆ ಓಡ್ತಿದೀನಾ?"

"ನೀನೇ ತಾಳ ತಪ್ಪಿದ್ದು!"

"ನಾನು ತಪ್ಪಲಿಲ್ಲ, ನಿಂತೆ! ನಗಿಸೋನು ನಿಲ್ಲಬೇಡವಾ?"

ಮೆನಿನ್ ಬಾಬ್ ತಲೆ ಕೆರೆದುಕೊಂಡ. "ಅಪೊಲಿನಾ, ನೀನೂ ಯಂತ್ರದ ಹಾಗೇ ಬಾರಿಸೋದಾದ್ರೆ ಯಂತ್ರ ಏನು ತಪ್ಪು ಮಾಡಿತ್ತು? ಬರೋ ಭಾನುವಾರ ಕಡೇ ಸಲ ನೋಡೋಣ."

ಮನೆಗೆ ಬಂದು ಮತ್ತೆ ಫೋನು ಹಿಡಿದಳು. ಹಾಡುವವನು ನಡುವೆ ನಿಂತರೆ ಏನು ಮಾಡಬೇಕೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ಬ್ರೆಜಿಲ್‌ನವಳೂ ಇಲ್ಲ. ಸಿಟ್ಟಿನಲ್ಲಿ ಪಾಠ ಗೀಠ ಎಲ್ಲ ಬಿಟ್ಟು, ಹಳೆಯ ಕೊಂಕಣಿ ತಿಯಾತ್ರ್ ಎಂದಷ್ಟೇ ಹುಡುಕಿದಳು. ಯಾರೋ ಮೊದಲ ಸಾಲಿನಲ್ಲಿ ಕೂತು ಫೋನಿನಲ್ಲಿ ಹಿಡಿದ ವಿಡಿಯೋಗಳು ಸಾಲುಸಾಲಾಗಿ ಬಂದವು. ಚಿತ್ರ ಅಲುಗಾಡಿದೆ, ಮುಂದೆ ಒಂದು ಬೋಳುತಲೆ, ಹಿಂದೆ ಮಗುವಿನ ಅಳು. ಆದರೆ ಒಂದರಲ್ಲಿ, ಬೋಳುತಲೆಯ ಪಕ್ಕದಲ್ಲೇ, ಡ್ರಮ್ಮಿನ ಮುದುಕನೊಬ್ಬ ಕಾಣುತ್ತಿದ್ದ. ಅವನು ಡ್ರಮ್ಮಿನ ಕಡೆ ನೋಡುತ್ತಲೇ ಇರಲಿಲ್ಲ. ಕತ್ತೆತ್ತಿ ಹಾಡುವವನನ್ನೇ ನೋಡುತ್ತಿದ್ದ. ಹಾಡುವವನು ನಿಂತಾಗ ಮುದುಕನ ಕಡ್ಡಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಹಾಡುವವನು ಉಸಿರೆಳೆದು ಅವನ ಭುಜ ಏರಿದ ಕೂಡಲೇ ಕಡ್ಡಿ ಇಳಿಯುತ್ತಿತ್ತು.

"ಸಿಕ್ಕಿದ್ರಪ್ಪಾ ಮೇಷ್ಟ್ರು!" ಎಂದು ಅಪೊಲಿನಾ ಕೂಗಿದ್ದಕ್ಕೆ ರೊಜಾಲಿನ್ ಮತ್ತೆ ಕಿಟಕಿಗೆ ಬಂದಳು. ಬಂದವಳನ್ನು ಬಿಡಲಿಲ್ಲ. ಆ ವಾರವೆಲ್ಲ ಸಾಸೇಜು ಗಂಟು ಹಾಕುತ್ತ ರೊಜಾಲಿನ್ ಬೇಕಾದಲ್ಲಿ ನಿಲ್ಲಿಸಿ ನಿಲ್ಲಿಸಿ ಊರಿನ ಸುದ್ದಿ ಹೇಳಬೇಕು, ಅಪೊಲಿನಾ ಅವಳ ಭುಜ ನೋಡುತ್ತ ಬೋಗುಣಿ ಬಡಿಯಬೇಕು. ಭಾನುವಾರದ ಅಭ್ಯಾಸದಲ್ಲಿ ಎರಡು ಸಲ ಎಡವಿದಳು. ಆದರೂ ಮೆನಿನ್ ಬಾಬ್ ಬೇಡ ಎನ್ನಲಿಲ್ಲ; ಕೀಬೋರ್ಡಿನ ಯಂತ್ರವನ್ನು ಮಾತ್ರ ಆರಿಸದೆ, "ಇದು ಹೀಗೇ ಇರಲಿ, ಅಗತ್ಯ ಬಿದ್ದರೆ ಒತ್ತೋಣ," ಎಂದ.

ಹಬ್ಬದ ಸಂಜೆ ಸಭಾಂಗಣ ತುಂಬಿ ಜನ ಕಿಟಕಿಗಳಲ್ಲೂ ನಿಂತಿದ್ದರು. ಬೊಸ್ತ್ಯಾಂವ್ ಮೊದಲ ಚರಣದಲ್ಲಿ ನಿಂತ; ಅವಳೂ ನಿಂತಳು. ಭುಜ ಏರಿತು, ಧಡ್! ಸಭೆ ಹೋ ಎಂದಿತು. ಎರಡನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತ. ಜನ ಕೂಗಿ ಕೂಗಿ ಅವನನ್ನು ಮೂರನೇ ಚರಣಕ್ಕೆ ಮತ್ತೆ ಕರೆದರು. ಈ ಸಲ ಅವನಿಗೆ ತುಂಟತನ ಹೆಚ್ಚಾಯಿತು. ಜೇಬಿನಿಂದ ಕರವಸ್ತ್ರ ತೆಗೆದ, ಮುಖ ಒರೆಸಿದ, ಮಡಿಸಿದ, ಮುಂದೆ ಕೂತ ಪಂಚಾಯ್ತಿಯ ಸರಪಂಚರಿಗೆ ಕೈಮುಗಿದ. ಕೀಬೋರ್ಡಿನವನ ಬೆರಳು ಗುಂಡಿಯ ಮೇಲೆ ಹೋಯಿತು. ಅಪೊಲಿನಾ ಕಡ್ಡಿ ಎತ್ತಿ ಹಿಡಿದೇ ಅವನಿಗೆ ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಎಡಗೈ ಕಡ್ಡಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಸೆರಗಿಲ್ಲದ ಫ್ರಾಕಿನ ತೋಳಿನಿಂದ ತಾನೂ ಮುಖ ಒರೆಸಿಕೊಂಡಳು. ಬೊಸ್ತ್ಯಾಂವ್ ಏನೂ ಹೇಳುವ ಮುಂಚೆಯೇ ಸಭೆ ಬಿದ್ದು ಬಿದ್ದು ನಕ್ಕಿತು. ಅವನು ಗಾಬರಿಯಾಗಿ ಉಸಿರೆಳೆದ. ಧಡ್!

ಪರದೆ ಬಿದ್ದ ಮೇಲೆ ಅವನು ಕೆಳಗಿಳಿದು ಬಂದ.

"ಬಾಯ್, ಅದು ನನ್ನ ನಗು. ನೀನು ಕದ್ದೆ."

"ಮುಖ ಬೆವರಿತ್ತು, ಒರೆಸ್ಕೊಂಡೆ. ಅದೂ ತಪ್ಪಾ?"

"ತಪ್ಪೇ. ಶನಿವಾರ ಪಕ್ಕದೂರು ರಾಯ್‌ನಲ್ಲಿ ನನ್ನ ಹಾಡಿದೆ. ಅಲ್ಲೂ ಹೀಗೇ ಒರೆಸ್ಕೊ. ಆದರೆ ಎರಡನೇ ಚರಣದಲ್ಲಿ, ಮೂರನೇದರಲ್ಲಿ ಬೇಡ."

ಮೆನಿನ್ ಬಾಬ್ ಕೀಬೋರ್ಡಿಗೆ ಬಟ್ಟೆ ಹೊದಿಸಿ ಕಟ್ಟುತ್ತಿದ್ದವನು ತಿರುಗಿ, "ಶನಿವಾರ ಅಂದ್ರೆ ಡ್ರಮ್ಮು ಯಾರ ಗಾಡಿಯಲ್ಲಿ ಹೋಗುತ್ತೆ?" ಎಂದ.

"ನನ್ನ ಸಾಸೇಜಿನ ರಿಕ್ಷಾದಲ್ಲಿ," ಎಂದಳು ಅಪೊಲಿನಾ. "ವಾಸನೆ ಬಂದ್ರೆ ಮಾತ್ರ ಯಾರೂ ಕೇಳಬಾರದು."