ಅಣ್ಣನ ಅಳತೆ

ಡಯಟ್ ಡಾಕ್ಟರಮ್ಮ ಬರೆದುಕೊಟ್ಟ ಪಟ್ಟಿ ಮೀರಿ ದರ್ಜಿ ಎಂಟು ತಿಂಗಳು ಒಂದು ತುತ್ತೂ ಬಾಯಿಗಿಡಲಿಲ್ಲ, ಹಠವೆಂದರೆ ಹಠ. ಮೂವತ್ತು ಕಿಲೋ ಇಳಿಯಿತು, ಸಕ್ಕರೆ ಕಾಯಿಲೆ ಹತೋಟಿಗೆ ಬಂತು.

“ಇನ್ನು ಹೊಸ ಅಂಗಿ ಹೊಲ್ಕೊಳ್ಳಿ” ಎಂದು ಡಾಕ್ಟರಮ್ಮ ನಕ್ಕರು.

ಅಂಗಡಿಗೆ ಬಂದು ತನಗೆ ತಾನೇ ಟೇಪು ಹಿಡಿದ. ಎದೆ ಮೂವತ್ತೆಂಟು, ಹೆಗಲು ಹದಿನೇಳು. ಬರೆಯಲು ಅಳತೆ ಪುಸ್ತಕ ತೆರೆದರೆ ಅವೇ ಅಂಕಿಗಳು ಆಗಲೇ ಅಲ್ಲಿದ್ದವು, ತೀರಿಕೊಂಡ ಅಣ್ಣನ ಪುಟದಲ್ಲಿ. ಸತ್ತವರ ಪುಟಕ್ಕೆ ಗೀಟು ಹೊಡೆಯುವುದು ಅಂಗಡಿಯ ರೂಢಿ. ಅಣ್ಣನ ಪುಟಕ್ಕೆ ಮಾತ್ರ ಗೀಟೆಳೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಅಣ್ಣ ತೊಡದೇ ಹೋದ ಅಂಗಿ ಬೀರುವಿನಲ್ಲಿತ್ತು. ಹಾಕಿಕೊಂಡ, ಅವನಿಗೇ ಅಳೆದು ಹೊಲಿದಂತೆ ಕೂತಿತು. ಹಾಗೆಯೇ ಮನೆಗೆ ಹೋದ.

ಕಣ್ಣೂ ನೆನಪೂ ಮಂಜಾದ ಅಮ್ಮ ಬಾಗಿಲಲ್ಲೇ ಅವನ ಹೆಗಲು ತಡವಿದಳು.

“ಬಂದ್ಯಾ ದೊಡ್ಡೋನೇ?” ಎಂದಳು. “ತಮ್ಮನ್ನ ಎಲ್ಲಿ ಬಿಟ್ಟು ಬಂದೆ?”